ಡಿ3500: ಶಟರ್ ಪಕ್ಕದ ಪುಟ್ಟ ಬಟನ್ ಕಲಿಸಿದ ಫೋಟೋಗ್ರಫಿ

ನಿಕಾನ್ ಡಿ3500 ಕ್ಯಾಮೆರಾದ ಮೆಗಾಪಿಕ್ಸೆಲ್ ಎಷ್ಟು, ತೂಕ ಎಷ್ಟು ಅನ್ನುವುದು ಎಲ್ಲ ಕಡೆ ಸಿಗುತ್ತದೆ. ಇಲ್ಲಿ ಅದು ಬೇಡ. ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಇದರಲ್ಲಿ ತುಂಬ ಇಷ್ಟವಾಗಿರುವುದು ಶಟರ್ ಪಕ್ಕದ ಒಂದು ಪುಟ್ಟ ಬಟನ್. ಪ್ಲಸ್, ಮೈನಸ್ ಗುರುತಿರುವುದು. ಪ್ಲಸ್ ಕೊಟ್ಟರೆ ಫೋಟೋ ಬೆಳಗುತ್ತದೆ, ಮೈನಸ್ ಕೊಟ್ಟರೆ ಕಪ್ಪಾಗುತ್ತದೆ. ಹೊಸಬರು ಅದನ್ನು ಮುಟ್ಟುವುದೇ ಕಡಿಮೆ.

ಕಲಿಸುವವರು ಮೊದಲ ದಿನವೇ ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುವಲ್ ('ಎಮ್') ಮೋಡ್‌ಗೆ ಹೋಗಿ ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಡಯಲನ್ನು 'ಎ'ಗೆ ತಿರುಗಿಸಿ. ಅಪರ್ಚರ್, ಅಂದರೆ ಬೆಳಕು ಬರುವ ಲೆನ್ಸಿನ ಕಿಂಡಿಯ ಅಳತೆ, ನೀವು ಆರಿಸಿ. ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಅನ್ನುವ ಶಟರ್ ಸ್ಪೀಡನ್ನು ಕ್ಯಾಮೆರಾ ನೋಡಿಕೊಳ್ಳಲಿ. ಅದು ಹೇಳಿದ್ದು ಒಪ್ಪಿಗೆಯಾಗದಿದ್ದರೆ ಜಗಳ ಆಡಲು ಈ ಬಟನ್ ಇದೆ.

ಜಗಳ ಬಂದೇ ಬರುತ್ತದೆ. ಎದುರಿಗಿರುವುದು ಏನು ಅಂತ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಗೊತ್ತಿಲ್ಲ, ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ ರಾಶಿಯನ್ನು ಫ್ರೇಮ್ ತುಂಬ ತೆಗೆದು ನೋಡಿ. ಹೂವು ಮಾಸಿದ ಪಂಚೆಯ ಹಾಗೆ ಬರುತ್ತದೆ. ಪ್ಲಸ್ 1 ಕೊಟ್ಟರೆ ಅದು ಮಲ್ಲಿಗೆ. ಚಾಮುಂಡಿ ಬೆಟ್ಟದ ನಂದಿಯದು ಇದರ ಉಲ್ಟಾ. ಕಪ್ಪಗೆ ಮಿರುಗುವ ಕಲ್ಲು ಫೋಟೋದಲ್ಲಿ ಬೂದಾಗುತ್ತದೆ. ಮೈನಸ್ 1 ಬೇಕು.

ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್, ಇಷ್ಟೇ ಅಲ್ವಾ ಅನ್ನಿಸುತ್ತದೆ. ಕುಕ್ಕರಹಳ್ಳಿ ಕೆರೆಯಲ್ಲಿ ಈ ಸೂತ್ರ ಕೈಕೊಡುತ್ತದೆ. ನೆರಳು ಬಿದ್ದ ನೀರಿನ ನಡುವೆ ಒಂದು ಬೆಳ್ಳಕ್ಕಿ. ಹಕ್ಕಿ ಬಿಳಿಯೇ, ಆದರೆ ಫ್ರೇಮಿನ ಬಹುಪಾಲು ಕಪ್ಪು. ಆ ಕಪ್ಪನ್ನು ಬೆಳಗಿಸಲು ಹೋಗಿ ಮೀಟರ್ ಹಕ್ಕಿಯ ಪುಕ್ಕವನ್ನೇ ಅಳಿಸಿಬಿಡುತ್ತದೆ. ಬಿಳಿ ಹಕ್ಕಿಗೇ ಮೈನಸ್ ಕೊಡಬೇಕು! ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ಹತ್ತಿದಾಗಲೂ ಇದೇ ಕಥೆ. ಕತ್ತಲ ಆಕಾಶ ಜಾಸ್ತಿ ಬಂದರೆ ಬಲ್ಬುಗಳೆಲ್ಲ ಸೇರಿ ಹಳದಿ ಮುದ್ದೆ. ಮೈನಸ್ಸಿಗೆ ಇಳಿಸಿದರೆ ಬಿಡಿಬಿಡಿ.

ಇದ್ಯಾವುದನ್ನೂ ವ್ಯೂಫೈಂಡರ್ ಮೊದಲೇ ತೋರಿಸುವುದಿಲ್ಲ. ಅಲ್ಲಿ ಕಾಣುವುದು ಕನ್ನಡಿಯಿಂದ ಬಂದ ಬೆಳಕು, ಬರಲಿರುವ ಫೋಟೋ ಅಲ್ಲ. ಬರಲಿರುವ ಫೋಟೋವನ್ನೇ ಮೊದಲು ತೋರಿಸುವ ಮಿರರ್‌ಲೆಸ್ ಕ್ಯಾಮೆರಾ ಇಟ್ಟುಕೊಂಡ ಗೆಳೆಯರು ನಗುತ್ತಾರೆ. ನಗಲಿ. ಊಹೆ ಮಾಡಿ, ಒತ್ತಿ, ಹಿಂದಿನ ಪರದೆಯಲ್ಲಿ ತಾಳೆ ನೋಡುವ ಆಟದಲ್ಲೇ ನನಗೆ ಬೆಳಕು ಅರ್ಥವಾಗಿದ್ದು.

ಬೆಳಗ್ಗೆ ಹೊರಡುವ ಮುಂಚೆ ಕಾಫಿ ಲೋಟ ದೂರ ಇಟ್ಟು ಕ್ಯಾಮೆರಾ ಆನ್ ಮಾಡುತ್ತೇನೆ. ಆಫ್ ಮಾಡಿದರೂ ನಿನ್ನೆಯ ಪ್ಲಸ್ ಮೈನಸ್ ಹಾಗೇ ಉಳಿದಿರುತ್ತದೆ, ಅದನ್ನು ಸೊನ್ನೆಗೆ ತರುವುದು ಮೊದಲ ಕೆಲಸ. ಬಟನ್ ಒತ್ತಿ ಹಿಡಿದು ಹೆಬ್ಬೆರಳಲ್ಲಿ ಡಯಲ್ ತಿರುಗಿಸುವಾಗ ಬರುವ ಟಕ್ ಟಕ್ ಸದ್ದು ಯಾಕೋ ಖುಷಿ ಕೊಡುತ್ತದೆ. ಆಮೇಲೆ ಲೆನ್ಸಿಗೆ ಬ್ಲೋಯರ್‌ನಿಂದ ಒಂದಿಷ್ಟು ಗಾಳಿ. ಬ್ಯಾಟರಿ ಕಡೆ ನೋಡುವುದೇ ಇಲ್ಲ. ಒಂದು ಚಾರ್ಜಿಗೆ 1,550 ಫೋಟೋ ಅನ್ನುತ್ತದೆ ಕಂಪನಿ ಲೆಕ್ಕ.

ಇಷ್ಟು ಹೊಗಳಿದರೂ ಸಿಟ್ಟಿದೆ. ಧೂಳು! ಫೋಟೋ ಹಿಡಿಯುವ ಸೆನ್ಸರನ್ನು ಅಲುಗಿಸಿ ಧೂಳು ಉದುರಿಸುವ ಏರ್ಪಾಡು ಹಳೆಯ ಡಿ3300ರಲ್ಲಿ ಇತ್ತು, ಇದರಲ್ಲಿ ಇಲ್ಲ. ನನಗೋ ಮಾರ್ಕೆಟ್ ಗದ್ದಲದಲ್ಲೇ 18-55 ಲೆನ್ಸ್ ಬಿಚ್ಚಿ 35 ಹಾಕುವ ಚಟ. ಕಿಂಡಿ ಅಗಲವಾಗಿರುವ ಎಫ್/1.8ರಲ್ಲಿ ಧೂಳು ಕಾಣುವುದಿಲ್ಲ, ಕಿರಿದಾಗುವ ಎಫ್/16ಕ್ಕೆ ಹೋದರೆ ಆಕಾಶದ ತುಂಬ ಚುಕ್ಕೆ. ಒಂದು ಅಂಗಡಿಗೆ ಕ್ಲೀನಿಂಗ್‌ಗೆ ಕೊಟ್ಟೆ. ದುಡ್ಡು ಹೋಯಿತು, ಚುಕ್ಕೆಗಳು ಜಾಗ ಬದಲಿಸಿಕೊಂಡು ವಾಪಸ್ ಬಂದವು. ಈಗ ಮೆನುವಿನಿಂದ ಮಿರರ್ ಎತ್ತಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ನಾನೇ ಗಾಳಿ ಹೊಡೆಯುತ್ತೇನೆ. ಅಂಟಿಕೊಂಡ ಧೂಳು ಅದಕ್ಕೆ ಜಗ್ಗುವುದಿಲ್ಲ. ಹಾಗಾಗಿ ಎಫ್/11 ದಾಟುವುದನ್ನೇ ಬಿಟ್ಟಿದ್ದೇನೆ. ಡಯಲ್ ಒಂದೇ ಇರುವುದರಿಂದ 'ಎಮ್' ಮೋಡ್‌ನಲ್ಲಿ ನನ್ನ ಪ್ರೀತಿಯ ಬಟನ್ ಅಪರ್ಚರ್ ಬದಲಿಸುವ ಚಾಕರಿಗೆ ಹೋಗುತ್ತದೆ, ಅದೂ ಒಂದು ಕಿರಿಕಿರಿ.

2018ರ ಈ ಮಾಡೆಲ್ ತಯಾರಾಗುವುದು ನಿಂತಿದೆ. ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ನನ್ನಂಥ ಸಂಬಳದವರಿಗೆ ಅದೇ ಒಳ್ಳೆಯದು, ಉಳಿದ ದುಡ್ಡನ್ನು 35 ಎಂಎಂ ಎಫ್/1.8 ಲೆನ್ಸಿಗೆ ಹಾಕಬಹುದು. ವಿಡಿಯೋ ಹುಚ್ಚಿದ್ದರೆ ಬೇಡ, ಮೈಕ್ ಸಿಕ್ಕಿಸಲು ಜಾಗವೇ ಇಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ಹಳೆಯ 50 ಎಂಎಂ 'ಡಿ' ಲೆನ್ಸ್ ತರಬೇಡಿ. ಕ್ಯಾಮೆರಾ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಆ ಲೆನ್ಸಿನಲ್ಲೂ ಇಲ್ಲ, ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ. ಕೊಳ್ಳುವ ಮುಂಚೆ ಎಫ್/16ರಲ್ಲಿ ಒಂದು ಬಿಳಿ ಗೋಡೆಯ ಫೋಟೋ ತೆಗೆದು ಜೂಮ್ ಮಾಡಿ ನೋಡಿ. ಚುಕ್ಕೆ ಕಂಡರೆ ಸುಮ್ನೆ ಬರಬೇಡಿ, ಬೆಲೆ ಇಳಿಸಿ ಕೇಳಿ.