ಐದುನೂರು ಮರಿಗೆ ಕಾವು: ಬಲ್ಬೋ, ಶೆಗಡಿಯೋ, ಗ್ಯಾಸ್ ಬ್ರೂಡರೋ?

ಬೀದರಿನ ಚಳಿಗಾಲದಲ್ಲಿ ಐದುನೂರು ಕೋಳಿಮರಿ ಇಳಿಸುವುದಿದ್ದರೆ ಗ್ಯಾಸ್ ಬ್ರೂಡರ್ (ಮರಿಗಳ ಮೇಲೆ ತೂಗುಹಾಕಿ ಕಾವು ಕೊಡುವ ಗ್ಯಾಸಿನ ಸಾಧನ) ತಗೊಳ್ಳಿ. ಬಲ್ಬು, ಇದ್ದಿಲ ಶೆಗಡಿ, ಗ್ಯಾಸ್ ಮೂರನ್ನೂ ಒಂದೇ ಶೆಡ್ಡಿನಲ್ಲಿ ಉರಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತು. ಖರ್ಚಿನಲ್ಲಿ ಗ್ಯಾಸೇ ದುಬಾರಿ, ಆದರೂ ಅದೇ. ಡಿಸೆಂಬರ್, ಜನವರಿಯಲ್ಲಿ ಔರಾದ, ಭಾಲ್ಕಿ ಕಡೆ ಚಳಿ ಜೋರಾದ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಒಂದು ದಿನದ ಮರಿಗೆ ಅದರ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಬೇಕು. ನಡುವಿನ 25 ಡಿಗ್ರಿಯನ್ನು ಬೆಳಗಿನ ಜಾವದವರೆಗೂ ಬಿಡದೆ ಕೊಡುವುದು ಮೂರರಲ್ಲಿ ಒಂದೇ.

ಶೆಗಡಿಯ ಮಾತು ಬೇಗ ಮುಗಿಸೋಣ. ಜಾಲಿ ಇದ್ದಿಲು ಸೋವಿ, ಕರೆಂಟಿನ ಗೊಡವೆ ಇಲ್ಲ. ಆದರೆ ಎರಡು ಮೂರು ತಾಸಿಗೊಮ್ಮೆ ಎದ್ದು ಇದ್ದಿಲು ಹಾಕಬೇಕು. ಹಾಕಿದ ಕೂಡಲೇ ಕಾವು ಏರುತ್ತದೆ, ಬೂದಿ ಮುಚ್ಚಿದಂತೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮಾನಾಕ್ಸೈಡ್. ತಾಡಪತ್ರಿ ಬಿಗಿದ ಶೆಡ್ಡಿನಲ್ಲಿ ಇದ್ದಿಲಿನ ಹೊಗೆ ಮರಿಗೂ ಕಂಟಕ, ಅಲ್ಲೇ ಕಾವಲು ಮಲಗಿದವರ ಜೀವಕ್ಕೂ ಕಂಟಕ. ಬೇರೆ ದಾರಿಯೇ ಇಲ್ಲದಿದ್ದರೆ ಶೆಗಡಿಯನ್ನು ಹೊರಗೇ ಹೊತ್ತಿಸಿ, ಹೊಗೆ ಪೂರ್ತಿ ಹೋಗಿ ಕೆಂಡವಾದ ಮೇಲೆ ಒಳಗೆ ಇಡಿ. ಕೆಂಡದಲ್ಲೂ ಆ ವಿಷ ಇದ್ದೇ ಇರುತ್ತದೆ. ಒಳಗೆ ಯಾರೂ ಮಲಗಬಾರದು.

ಬಲ್ಬಿಗೆ ಮರಿಯೊಂದಕ್ಕೆ 1ರಿಂದ 2 ವ್ಯಾಟ್ ಎಂದು ಎಲ್ಲರೂ ಹೇಳುತ್ತಾರೆ. ಬೀದರಿನ ಜನವರಿಗೆ ಅದು ಸಾಲದು, 3 ವ್ಯಾಟ್ ಹಿಡಿಯಿರಿ. ಐದುನೂರಕ್ಕೆ 200 ವ್ಯಾಟಿನ ಎಂಟು ಬಲ್ಬು, ಒಟ್ಟು 1,600 ವ್ಯಾಟ್. ತಂತಿ ಇರುವ ಹಳೆಯ ನಮೂನೆಯ ಬಲ್ಬೇ ಬೇಕು. ಎಲ್‌ಇಡಿಯಲ್ಲಿ ಬೆಳಕಿದೆ, ಕಾವಿಲ್ಲ. ಪ್ಲಾಸ್ಟಿಕ್ ಅಥವಾ ಬೇಕಲೈಟ್ ಹೋಲ್ಡರ್ ಆ ಬಿಸಿಗೆ ಸುಟ್ಟು ಉದುರುತ್ತದೆ, ಪಿಂಗಾಣಿ ಹೋಲ್ಡರ್ ಹಾಕಿಸಿ. ಕರೆಂಟ್ ಸರಿಯಾಗಿದ್ದರೆ ಇದಕ್ಕಿಂತ ಸುಲಭದ್ದು ಇಲ್ಲ. ಗ್ಯಾಸಿನಂತೆ ತೇವ ಕಾರುವುದಿಲ್ಲ, ಸ್ವಿಚ್ ಒತ್ತಿದರಾಯಿತು. ರಾತ್ರಿ ಮೂರಕ್ಕೆ ಕರೆಂಟ್ ಹೋದರೆ ಮಾತ್ರ ಕೈಯಲ್ಲಿ ಏನೂ ಇರುವುದಿಲ್ಲ. ಮನೆಯ ಇನ್ವರ್ಟರ್ 1,600 ವ್ಯಾಟ್ ಹೊರುವುದಿಲ್ಲ. ಹೊರುವಂಥದ್ದು ಇದ್ದರೂ 150 ಆಂಪಿಯರ್-ಅವರ್ ಬ್ಯಾಟರಿ ಒಂದು ತಾಸು ಕೂಡ ಬಾಳುವುದಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ.

ಇನ್ನು ಗ್ಯಾಸ್ ಬ್ರೂಡರ್. ಇದು ಗಾಳಿಯನ್ನು ಕಾಯಿಸುವ ಒಲೆಯಲ್ಲ. ಪಿಂಗಾಣಿಯ ತಟ್ಟೆ ಕೆಂಪಾಗಿ, ಬಿಸಿಲಿನ ಹಾಗೆ ನೇರ ಕೆಳಕ್ಕೆ ಕಾವು ಬೀರುತ್ತದೆ. ಆದ್ದರಿಂದ ಶೆಡ್ಡಿನ ಉದ್ದಗಲ ನೋಡಿ ಅಳತೆ ಹಿಡಿಯಬೇಡಿ, ಮರಿಗಳ ಲೆಕ್ಕ ಹಿಡಿಯಿರಿ. ಮೊದಲ ವಾರ ಚದರ ಮೀಟರಿಗೆ 50 ಮರಿ. ಐದುನೂರಕ್ಕೆ 10 ಚದರ ಮೀಟರ್, ಅಂದರೆ 12 ಅಡಿ ಅಡ್ಡಳತೆಯ ವೃತ್ತ. ಒಂದೂವರೆ ಅಡಿ ಎತ್ತರದ ತಗಡನ್ನು ಗುಂಡಗೆ ಸುತ್ತಿ ನಿಲ್ಲಿಸಿ. ಮೂಲೆ ಇದ್ದರೆ ಮರಿ ಅಲ್ಲಿಯೇ ಒತ್ತರಿಸುತ್ತವೆ. ಮರಿಗೆ 5 ವ್ಯಾಟಿನಂತೆ 2.5 ಕಿಲೋವ್ಯಾಟ್ ಬ್ರೂಡರ್ ಸಾಕು. ಲೇಬಲ್ಲಿನಲ್ಲಿ ಬಿಟಿಯು ಬರೆದಿದ್ದರೆ ತಾಸಿಗೆ ಸುಮಾರು 8,500, ಕಿಲೋಕ್ಯಾಲರಿ ಇದ್ದರೆ 2,150. ಎಷ್ಟು ಗ್ಯಾಸ್ ತಿನ್ನುತ್ತದೆ ಎಂದಷ್ಟೇ ಬರೆದಿದ್ದರೆ ತಾಸಿಗೆ 200 ಗ್ರಾಂ ಹತ್ತಿರ ಇರಬೇಕು, ಏಕೆಂದರೆ ಒಂದು ಕಿಲೋ ಎಲ್‌ಪಿಜಿಯಲ್ಲಿ 12.8 ಯೂನಿಟ್ (ಕಿಲೋವ್ಯಾಟ್-ತಾಸು) ಕಾವಿದೆ.

'ಮುಂದೆ ಮರಿ ಹೆಚ್ಚಿಸಿದರೆ ಬೇಕಾಗುತ್ತದೆ, ದೊಡ್ಡದೇ ಒಯ್ಯಿರಿ' ಎಂದು ಅಂಗಡಿಯವರು ಸಾವಿರ ಮರಿಯ 5 ಕಿಲೋವ್ಯಾಟಿನದನ್ನು ಮುಂದಿಡುತ್ತಾರೆ. ಒಯ್ಯಬೇಡಿ. ಪೂರ್ತಿ ಉರಿಸಿದರೆ ಮರಿಗಳು ಬಾಯಿ ತೆರೆದುಕೊಂಡು ತಗಡಿನ ಅಂಚಿಗೆ ಸರಿಯುತ್ತವೆ. ಉರಿ ತೀರಾ ಇಳಿಸಿದರೆ ತಟ್ಟೆ ಕೆಂಪಾಗುವುದೇ ಇಲ್ಲ, ಕೆಳಗೆ ಕಾವು ಬೀಳುವುದಿಲ್ಲ, ಬಿಸಿಗಾಳಿ ಮಾತ್ರ ಎದ್ದು ಮೇಲಿನ ತಗಡಿಗೆ ಹೋಗುತ್ತದೆ. ಉರಿ ಹಳದಿಗೆ ತಿರುಗಿ ಮಸಿ ಕೂಡುತ್ತದೆ. ಮುಂದೆ ಸಾವಿರ ಸಾಕುವ ಯೋಚನೆ ಇದ್ದರೂ 2.5ರದ್ದೇ ಇನ್ನೊಂದು ಸೇರಿಸಿ. ಒಂದು ಕೆಟ್ಟ ರಾತ್ರಿ ಇನ್ನೊಂದು ಉರಿಯುತ್ತಿರುತ್ತದೆ.

ಗ್ಯಾಸಿನ ನಿಜವಾದ ಕಾಟ ತೇವದ್ದು. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಶೆಡ್ಡಿನೊಳಗೇ ಸೇರುತ್ತದೆ. ರಾತ್ರಿ ಹನ್ನೆರಡು ತಾಸು ಪೂರ್ತಿ ಉರಿದರೆ 2.3 ಕಿಲೋ ಗ್ಯಾಸ್, ಮೂರೂವರೆ ಲೀಟರಿಗೂ ಮೇಲೆ ನೀರು. ಐದುನೂರು ಮರಿಗಳ ಉಸಿರು, ಹಿಕ್ಕೆ, ಚೆಲ್ಲಿದ ಕುಡಿಯುವ ನೀರು ಇದರ ಮೇಲೆ.

ಚಳಿ ಎಂದು ನಾಲ್ಕೂ ಕಡೆ ತಾಡಪತ್ರಿಯನ್ನು ಸೂರಿನವರೆಗೆ ಬಿಗಿದರೆ ಈ ಆವಿಗೆ ಹೊರದಾರಿ ಇಲ್ಲ. ಹೊರಗೆ 8 ಡಿಗ್ರಿ ಇರುವಾಗ ಮೇಲಿನ ತಗಡು ತಣ್ಣಗಿರುತ್ತದೆ. ಆವಿ ಅದಕ್ಕೆ ತಾಗಿ ನೀರಾಗಿ, ನಾಲ್ಕು ಗಂಟೆ ಹೊತ್ತಿಗೆ ತಟತಟ ಹನಿಯತೊಡಗುತ್ತದೆ. ಹನಿ ಬಿದ್ದಲ್ಲಿ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಗಟ್ಟಿ ಹಪ್ಪಳವಾಗುತ್ತದೆ. ಅಲ್ಲಿಂದ ಅಮೋನಿಯ ಏಳುತ್ತದೆ, ಮರಿಗಳ ಕಣ್ಣು ಸೋರುತ್ತವೆ, ಮೂರನೆಯ ವಾರದ ಹೊತ್ತಿಗೆ ರಕ್ತಭೇದಿ ಕಾಣಿಸಿಕೊಳ್ಳುತ್ತದೆ. ಒದ್ದೆ ನೆಲದ ಮೇಲೆ ಮರಿ ಮುದುಡಿ ಕೂತದ್ದನ್ನು ನೋಡಿ ಕಾವು ಸಾಲದೆಂದು ಉರಿ ಏರಿಸುತ್ತೇವೆ. ಉರಿ ಏರಿದಷ್ಟೂ ನೀರು ಹೆಚ್ಚು. ತಪ್ಪು ಆಗುವುದು ಇಲ್ಲಿಯೇ.

ತಾಡಪತ್ರಿಯನ್ನು ಕೆಳಗೆ ಬಿಗಿದು ಮೇಲೆ ತೆರೆಯುವಂತೆ ಕಟ್ಟಿ. ಸೂರಿನ ಕೆಳಗೆ ಉದ್ದಕ್ಕೂ ಅರ್ಧ ಅಡಿ ಬಾಯಿ ಇಡೀ ರಾತ್ರಿ ಬಿಟ್ಟಿರಲಿ. ಮೂಡಣ ಗಾಳಿ ಬೀಸುವ ದಿನ ಆ ಮಗ್ಗುಲನ್ನು ಮುಚ್ಚಿ, ಎದುರು ಮಗ್ಗುಲನ್ನು ಒಂದು ಅಡಿ ತೆರೆಯಿರಿ. ಬ್ರೂಡರ್ ಬೀರುವುದು ನೇರ ಕಾವಾದ್ದರಿಂದ ಮೇಲಿನ ಬಿಸಿಗಾಳಿ ಸ್ವಲ್ಪ ಹೋದರೆ ಮರಿಗೆ ನಷ್ಟವಿಲ್ಲ. ಗೊಬ್ಬರದ ಖಾಲಿ ಚೀಲಗಳನ್ನು ಚೆನ್ನಾಗಿ ತೊಳೆದು ಹೊಲಿದು ಸೂರಿನ ತಗಡಿನ ಕೆಳಗೆ ಇಳಿಜಾರಾಗಿ ಕಟ್ಟಿದರೆ ಹನಿ ಬದಿಗೆ ಹರಿಯುತ್ತದೆ; ಬ್ರೂಡರಿನ ನೇರ ಮೇಲೆ ಮಾತ್ರ ಬೇಡ, ಬೆಂಕಿ ಹತ್ತೀತು. ಹೊಟ್ಟು ಮೂರು ಇಂಚು ಹರಡಿ. ದಿನಾ ಒಂದು ಹಿಡಿ ತೆಗೆದು ಹಿಸುಕಿ: ಉಂಡೆಯಾಗಿ ನಿಂತರೆ ಒದ್ದೆ, ತಕ್ಷಣ ತೆಗೆದು ಒಣದು ಹಾಕಿ.

ಚಳಿಯಲ್ಲಿ ಮರಿ ಬರುವ ಒಂದು ದಿನ ಮೊದಲೇ ಹೊತ್ತಿಸಿ. ತೂಗುಹಾಕುವುದು ಸರಪಳಿಯಿಂದ, ಗ್ಯಾಸ್ ಪೈಪಿನಿಂದ ಅಲ್ಲ. ಮೂರೂವರೆ, ನಾಲ್ಕು ಅಡಿ ಎತ್ತರದಿಂದ ಶುರು ಮಾಡಿ, ಹೊಟ್ಟಿನಿಂದ ಎರಡು ಇಂಚು ಮೇಲೆ ಥರ್ಮಾಮೀಟರ್ ನೋಡಿ ಸರಿಪಡಿಸಿ. ಮೊದಲ ವಾರ 35, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಕೆ. ಮರಿಗಳ ನಡೆ ಥರ್ಮಾಮೀಟರಿಗಿಂತ ನಂಬಿಕೆಯದು. ಕೆಳಗೆ ಗುಂಪಾದರೆ ಚಳಿ, ಅಂಚಿಗೆ ಸರಿದರೆ ಬಿಸಿ, ಒಂದೇ ಮಗ್ಗುಲಿಗೆ ಸೇರಿದರೆ ಎದುರು ಮಗ್ಗುಲಿನಿಂದ ಗಾಳಿ ನುಗ್ಗುತ್ತಿದೆ.

ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲಿಸುವ ಥರ್ಮೋಕಪಲ್ ವಾಲ್ವ್ ಇಲ್ಲದ ಬ್ರೂಡರ್ ಎಷ್ಟು ಅಗ್ಗವಾದರೂ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕುಳ್ಳ ಗೋಡೆಯ ಒಳಗೆ ನೆಲದಲ್ಲೇ ತುಂಬಿ ನಿಲ್ಲುತ್ತದೆ. ಸಿಲಿಂಡರ್ ಶೆಡ್ಡಿನ ಹೊರಗಿರಲಿ. ಪೈಪು ಒಳಗೆ ತಂತಿ ಹೆಣೆದದ್ದು ಇರಲಿ, ಇಲಿ ಕಡಿದಿದೆಯೇ ಎಂದು ಪ್ರತಿ ಬ್ಯಾಚಿಗೂ ಸಾಬೂನು ನೀರು ಹಚ್ಚಿ ನೋಡಿ. ಬರ್ನರಿನ ಗಾಳಿ ಎಳೆಯುವ ತೂತಿಗೆ ಹೊಟ್ಟಿನ ಧೂಳು, ಪುಕ್ಕ ಕೂಡುತ್ತದೆ. ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಗ್ಯಾಸ್ ಚಿಮ್ಮುವ ಜೆಟ್ಟಿಗೆ ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾದರೆ ಉರಿ ಕೆಡುತ್ತದೆ.

ನಮ್ಮ ಸಿಲಿಂಡರಿನಲ್ಲಿರುವುದು ಬರೀ ಪ್ರೊಪೇನ್ ಅಲ್ಲ, ಬ್ಯೂಟೇನ್ ಬೆರೆತದ್ದು. ಪ್ರೊಪೇನ್ ಮೊದಲು ಆವಿಯಾಗಿ ಹೋಗುತ್ತದೆ, ತಳದಲ್ಲಿ ಉಳಿಯುವುದು ಹೆಚ್ಚಾಗಿ ಬ್ಯೂಟೇನ್. ಅದು ಸೊನ್ನೆ ಡಿಗ್ರಿಯ ಹತ್ತಿರವೇ ಕುದಿಯುವಂಥದ್ದು, ಚಳಿಯಲ್ಲಿ ಒತ್ತಡ ಕೊಡುವುದಿಲ್ಲ. ಕೊನೆಯ ಎರಡು ಮೂರು ಕಿಲೋ ಇರುವಾಗ ಬೆಳಗಿನ ಜಾವ ಉರಿ ಕುಗ್ಗುವುದು ಇದರಿಂದ. ಸಿಲಿಂಡರಿಗೆ ಬಿಸಿನೀರು, ಬೆಂಕಿ ತೋರಿಸುವ ಕೆಲಸ ಎಂದೂ ಮಾಡಬೇಡಿ. ಸಂಜೆ ತೂಗಿ ನೋಡಿ, ಮೂರು ಕಿಲೋಗಿಂತ ಕಡಿಮೆ ಇದ್ದರೆ ರಾತ್ರಿಗೆ ತುಂಬಿದ್ದನ್ನು ಹಚ್ಚಿ, ಹಳೆಯದನ್ನು ಹಗಲಿಗೆ ಬಳಸಿ. ಮಾರಾಟಕ್ಕೆ ಸಾಕುವಾಗ ಅಡುಗೆಮನೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ್ದೇ ತರಬೇಕು.

ಲೆಕ್ಕ ಹೀಗೆ. ಎರಡು ವಾರಕ್ಕೆ ಗ್ಯಾಸ್ ಸುಮಾರು 30 ಕಿಲೋ. ಸಿಲಿಂಡರಿಗೆ 1,800 ಹಿಡಿದರೆ 2,800 ರೂಪಾಯಿ ಆಸುಪಾಸು. ಬಲ್ಬಿಗೆ 250 ಯೂನಿಟ್, 6 ರೂಪಾಯಿಯಂತೆ 1,500. ವ್ಯತ್ಯಾಸ 1,300. ಗಿರಿರಾಜ ತಳಿಯ ಮರಿ 40 ರೂಪಾಯಿ ಎಂದರೆ ಮೂವತ್ತಮೂರು ಮರಿಗಳ ಬೆಲೆ. ಕರೆಂಟಿಲ್ಲದ ಒಂದೇ ರಾತ್ರಿಯಲ್ಲಿ ಅಷ್ಟು ಹೋಗುವುದು ದೊಡ್ಡದಲ್ಲ.

ನೂರೈವತ್ತಕ್ಕಿಂತ ಕಡಿಮೆ ಮರಿ ಇದ್ದವರು ಬಲ್ಬೇ ಇಟ್ಟುಕೊಳ್ಳಿ. ಅಷ್ಟು ಮರಿಗಳನ್ನು ಕರೆಂಟ್ ಹೋದಾಗ ಬಿದಿರು ಬುಟ್ಟಿಗಳಿಗೆ ತುಂಬಿ, ಗೋಣಿತಟ್ಟು ಹೊದಿಸಿ ಉಳಿಸಿಕೊಳ್ಳಬಹುದು. ಯಾದಗಿರಿ, ಸುರಪುರದ ಕಡೆ ಚಳಿ ಇಷ್ಟಿಲ್ಲ, ಐದುನೂರಕ್ಕೂ ಐದು ಬಲ್ಬು ನಡೆಯುತ್ತದೆ, ಜೊತೆಗೊಂದು ಗ್ಯಾಸ್ ಬ್ರೂಡರ್ ಹೊತ್ತಿಸದೆ ತೂಗುಹಾಕಿದ್ದರೆ ಸಾಕು. ಬೀದರಿನಲ್ಲಿ ಇದು ತಿರುವುಮುರುವು: ಗ್ಯಾಸ್ ಉರಿಯುತ್ತಿರಲಿ, ಎರಡು ಬಲ್ಬು ಕೈಗೆ ಸಿಗುವಂತಿರಲಿ.