ಸಿಂತ್‌ಗೆ ಗಿಟಾರ್ ಕೋರಸ್ ಪೆಡಲ್ ತಗೊಳ್ಳೋ ಮುಂಚೆ ಇದನ್ನ ಓದಿ

"ಒಂದು ಕೋರಸ್ ಪೆಡಲ್ ಹಾಕಿ ಸಾರ್, ನಿಮ್ಮ ಸಿಂತ್ ಜೂನೊ ಆಗೋಗುತ್ತೆ" ಅಂತ ಯಾರಾದ್ರೂ ಹೇಳಿದ್ರೆ, ಜೇಬಿಗೆ ಕೈ ಹಾಕೋ ಮುಂಚೆ ಸ್ವಲ್ಪ ತಡೀರಿ. ಸಿಂತ್ ಅಂದ್ರೆ ಸಿಂತಸೈಜರ್, ಸದ್ದನ್ನ ವಿದ್ಯುತ್ತಿಂದ ಹುಟ್ಟಿಸೋ ಕೀಬೋರ್ಡ್. ಕೋರಸ್ ಅಂದ್ರೆ ಸದ್ದಿನ ಜೊತೆ ಅದರದ್ದೇ ಸ್ವಲ್ಪ ತಡವಾದ, ಅಲ್ಲಾಡೋ ನಕಲನ್ನ ಬೆರೆಸಿ ತುಂಬು ಮಾಡೋದು. ಜೂನೊ ಅಂದ್ರೆ ಆ ಕೋರಸ್ಸಿಗೇ ಹೆಸರಾದ ರೋಲ್ಯಾಂಡ್ ಕಂಪನಿಯ ಹಳೇ ಸಿಂತ್. ನನಗೆ ಇದೇ ಮಾತು ಹೇಳಿ ಒಂದು ಪೆಡಲ್ ಮಾರಿದ್ರು. ಅಂಗಡಿ ಹೆಸರು ಇಲ್ಲಿ ಬೇಡ. ಸೆಕೆಂಡ್ ಹ್ಯಾಂಡ್ ಮಾರೋರ ಬಾಯಲ್ಲೂ ಇದೇ ಮಾತು ಕೇಳಿದೀನಿ.

ನನ್ನ ಹತ್ರ ಇರೋದು ಕೊರ್ಗ್ ಮಿನಿಲಾಗ್. 2016ರಲ್ಲಿ ಬಂದ ನಾಲ್ಕು ವಾಯ್ಸಿನ, ಅಂದ್ರೆ ಒಟ್ಟಿಗೆ ನಾಲ್ಕು ಸ್ವರ ನುಡಿಸಬಹುದಾದ ಅನಲಾಗ್ ಸಿಂತ್. ಡಿಲೇ (ಸದ್ದನ್ನ ತಡವಾಗಿ ಮತ್ತೆ ಕೇಳಿಸೋದು) ಇದೆ, ಕೋರಸ್ ಇಲ್ಲ, ಔಟ್‌ಪುಟ್ ಒಂದೇ, ಅದೂ ಮೋನೊ, ಎಡ ಬಲ ಅಂತ ಬೇರೆ ಇಲ್ಲ. ಹಳೇ ಸಿನಿಮಾ ಹಾಡಿನ ಸ್ಟ್ರಿಂಗ್ಸ್ ನುಡಿಸಿದ್ರೆ ಬೋಳು ಬೋಳು ಅನ್ಸುತ್ತೆ. ಅಂಗಡಿಯವರು ಕೈಗೆ ಕೊಟ್ಟಿದ್ದು ಬಾಸ್ ಕಂಪನಿಯ ಸಿಇ-2 ಅನ್ನೋ ಗಿಟಾರ್ ಕೋರಸ್ ಪೆಡಲ್‌ನ ಒಂದು ನಕಲು. "ಅಸಲಿಗಿಂತ ಚೆನ್ನಾಗಿದೆ, ಸ್ಟೀರಿಯೊ ಔಟ್ ಬೇರೆ ಇದೆ" ಅಂದ್ರು. 1979ರ ಅಸಲಿ ಸಿಇ-2ಗೆ ಔಟ್ ಇರೋದು ಒಂದೇ, ಅದು ನಿಜ. ಈ ಎರಡನೇ ಔಟೇ ಮುಂದೆ ಮಾನ ಕಳೀತು, ಅದಕ್ಕೆ ಆಮೇಲೆ ಬರ್ತೀನಿ.

ಡೆಮೊ ಕೊಟ್ಟಿದ್ದು ಗೋಡೆಗೆ ನೇತು ಹಾಕಿದ್ದ ಗಿಟಾರಲ್ಲಿ. ತುಂಬಾ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸಿಂತ್ ತಂದು ಒಂದ್ಸಲ ನೋಡ್ತೀನಿ ಅಂದಿದ್ದಕ್ಕೆ "ಎಲ್ಲಾ ಒಂದೇ ಜ್ಯಾಕ್ ಸಾರ್, ಅದಕ್ಯಾಕೆ ಹೊತ್ಕೊಂಡು ಬರ್ತೀರಾ" ಅಂದ್ರು.

ಜ್ಯಾಕ್ ಒಂದೇ. ಅದರಲ್ಲಿ ಹರಿಯೋ ಸಿಗ್ನಲ್ ಒಂದೇ ಅಲ್ಲ. ಗಿಟಾರ್ ಪೆಡಲ್‌ಗಳು ಸಾಮಾನ್ಯವಾಗಿ ಮೈನಸ್ 20 ಡಿಬಿಯು (ಸಿಗ್ನಲ್ ಎಷ್ಟು ಜೋರು ಅಂತ ಅಳೆಯೋ ಲೆಕ್ಕ) ಆಸುಪಾಸಿನ ಸಿಗ್ನಲ್ ನಂಬಿ ಮಾಡಿದವು. ಮಿಕ್ಸರ್ ಥರದ ಸಾಮಾನಿನ ಪ್ರೊಫೆಷನಲ್ ಲೈನ್ ಲೆವೆಲ್ ಅಂದ್ರೆ ಪ್ಲಸ್ 4 ಡಿಬಿಯು, ಸುಮಾರು 1.23 ವೋಲ್ಟ್. ನಡುವೆ 24 ಡೆಸಿಬೆಲ್, ವೋಲ್ಟೇಜ್ ಲೆಕ್ಕದಲ್ಲಿ ಹದಿನಾರು ಪಟ್ಟು ಹತ್ತಿರ. ಎಲ್ಲಾ ಸಿಂತ್ ಅಷ್ಟು ಜೋರಾಗಿ ಬಿಡಲ್ಲ, ಆದ್ರೆ ತಂತಿಯ ಕಂಪನ ಹಿಡಿಯೋ ಗಿಟಾರ್ ಪಿಕಪ್‌ಗಿಂತ ಬಹಳ ಜೋರು. ಅನಲಾಗ್ ಕೋರಸ್ ಒಳಗಿರೋ ಡಿಲೇ ಚಿಪ್‌ಗೆ ಇಷ್ಟನ್ನ ತಡ್ಕೊಳ್ಳೋ ಜಾಗ ಇಲ್ಲ. ಎಮ್‌ಎನ್ 3007 ಥರದ ಚಿಪ್ ಸಿಗ್ನಲನ್ನ 1024 ಹಂತದಲ್ಲಿ ಕೈಯಿಂದ ಕೈಗೆ ದಾಟಿಸುತ್ತೆ. ಮಿತಿ ಮೀರಿದ್ರೆ ಸಿಗ್ನಲಿನ ತಲೆ ಅಲ್ಲೇ ಕತ್ತರಿಸುತ್ತೆ.

ಕಿವಿಗೆ ಅದು ಹೇಗೆ ಕೇಳುತ್ತೆ ಅಂದ್ರೆ: ಒಂದು ಕೀ ಒತ್ತಿ, ಸೊಗಸು. ಎರಡನೇದು, ಪರವಾಗಿಲ್ಲ. ಮೂರನೇದು ಸೇರಿದ ಕೂಡಲೇ ಅಂಚಲ್ಲಿ ಒಂದು ಪರಪರ ಶುರುವಾಗುತ್ತೆ. ನಾಲ್ಕೂ ವಾಯ್ಸ್ ಒತ್ತಿ ಫಿಲ್ಟರ್ (ಸದ್ದಿನ ಹೊಳಪು ಏರಿಸಿ ಇಳಿಸೋ ನಾಬ್) ತೆರೀತಾ ಹೋದ್ರೆ ಹರಿದ ಸ್ಪೀಕರೇ ಅದು. ಗಿಟಾರಿನ ಓವರ್‌ಡ್ರೈವ್ ಥರ ಸಿಹಿಯಾಗಿರುತ್ತೆ ಅಂತ ಆಸೆ ಇಟ್ಕೋಬೇಡಿ. ಅದರಲ್ಲೂ ತಮಾಷೆ ಏನಂದ್ರೆ, ಒರಿಜಿನಲ್ ಸಿಗ್ನಲ್ ಸ್ವಚ್ಛವಾಗೇ ಹಾಯ್ದು ಬರ್ತಿರುತ್ತೆ, ಹರಿಯೋದು ಕೋರಸ್ ಭಾಗ ಮಾತ್ರ. ಹಾಗಾಗಿ ರಿಹರ್ಸಲ್‌ನಲ್ಲಿ ಕೇಬಲ್ ಮೇಲೆ, ಸ್ಪೀಕರ್ ಮೇಲೆ ಅನುಮಾನ ಪಟ್ಟು ಅರ್ಧ ದಿನ ಹಾಳಾಯ್ತು.

ಸಿಂತ್ ವಾಲ್ಯೂಮ್ ಇಳಿಸಿದ್ರೆ ಆಯ್ತಲ್ಲ ಅಂತೀರಾ. ಇಳಿಸಿದ್ರೆ ಪರಪರ ಹೋಗುತ್ತೆ, ಸರಿ. ಆದ್ರೆ ಆ ಚಿಪ್‌ನ ಸ್‌ಸ್‌ಸ್ ಅನ್ನೋ ಸದ್ದು ಇಳಿಯಲ್ಲ, ಅದು ಇದ್ದಷ್ಟೇ ಇರುತ್ತೆ. ಸೌಂಡಿನವರು ಮಿಕ್ಸರಲ್ಲಿ ಗೇನ್ ಏರಿಸ್ತಾರೆ, ಜೊತೆಗೆ ಅದೂ ಏರುತ್ತೆ. ಪ್ಯಾಡ್, ಅಂದ್ರೆ ಎಳೆದು ನುಡಿಸೋ ಹಿನ್ನೆಲೆ ಸ್ವರ, ನಿಂತಾಗ ಪೆಂಡಾಲ್ ತುಂಬಾ ಮಳೆ ಬಂದ ಹಾಗಿತ್ತು. ಹರಿಯೋದಕ್ಕೂ ಸದ್ದಿಗೂ ನಡುವೆ ಒಂದು ಸಣ್ಣ ಜಾಗ ಇದೆ, ಅದನ್ನ ಹುಡುಕಿ ನಾಬ್ ಹತ್ರ ಟೇಪ್ ಅಂಟಿಸಿ ಗುರುತು ಮಾಡ್ಕೋಬೇಕು. ಸಿಂತಲ್ಲಿ ಬೇರೆ ಪ್ಯಾಚ್ (ಉಳಿಸಿಟ್ಟ ಬೇರೆ ಸೌಂಡ್) ಹಾಕಿದ್ರೆ ಆ ಗುರುತೂ ಕೆಲಸಕ್ಕೆ ಬರಲ್ಲ.

ಇನ್ನು ಆ ಸ್ಟೀರಿಯೊ ಔಟ್. ನಮ್ಮ ಬಡಾವಣೆಯ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಎರಡೂ ಔಟನ್ನ ಎರಡು ಚಾನೆಲ್‌ಗೆ ಕೊಟ್ಟೆ. ಹೆಡ್‌ಫೋನಲ್ಲಿ ಭಯಂಕರ ಅಗಲ. ಸ್ಪೀಕರಲ್ಲಿ ಕೋರಸ್ಸೇ ಇಲ್ಲ! ಪೆಡಲ್ ತುಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಕಾರಣ ಇಷ್ಟು: ಕೆಲವು ಪೆಡಲ್‌ಗಳು ಒಂದು ಔಟಲ್ಲಿ ಒರಿಜಿನಲ್ ಜೊತೆ ಕೋರಸ್ ಕೂಡಿಸ್ತವೆ, ಇನ್ನೊಂದರಲ್ಲಿ ಅದೇ ಕೋರಸ್ಸನ್ನ ಉಲ್ಟಾ ಮಾಡಿ ಸೇರಿಸ್ತವೆ. ಬೀದಿ ಕಾರ್ಯಕ್ರಮದ ಸೌಂಡ್ ಸಿಸ್ಟಮ್ ಬಹುಪಾಲು ಮೋನೊ. ಎರಡೂ ಸೇರಿದ ತಕ್ಷಣ ಪ್ಲಸ್ಸು ಮೈನಸ್ಸು ವಜಾ ಆಗಿ ಒರಿಜಿನಲ್ ಮಾತ್ರ ಉಳಿಯುತ್ತೆ. ಪಾಪ, ಸೌಂಡಿನ ಹುಡುಗ ಸುಮ್ಸುಮ್ನೆ ಬೈಸ್ಕೊಂಡ. ಒಂದೇ ಔಟ್ ಹಾಕಿದ್ಮೇಲೆ ಕೋರಸ್ ವಾಪಸ್ ಬಂತು.

ಜೂನೊ ಹೋಲಿಕೆ ಸುಳ್ಳಾಗೋದೂ ಇಲ್ಲೇ. 1982ರ ರೋಲ್ಯಾಂಡ್ ಜೂನೊ-60ರಲ್ಲಿ ಎಡಕ್ಕೊಂದು ಬಲಕ್ಕೊಂದು ಅಂತ ಬೇರೆ ಬೇರೆ ಡಿಲೇ ಚಿಪ್ ಇವೆ, ಒಂದರ ತಡ ಏರುವಾಗ ಇನ್ನೊಂದರದ್ದು ಇಳಿಯುತ್ತೆ. ಮೇಲಾಗಿ ಅದು ಸಿಂತ್ ಒಳಗೇ ಕೂತಿರೋದು, ಲೆವೆಲ್ಲು ಅದಕ್ಕೆ ತಕ್ಕಂತೆ ಇಟ್ಟೇ ಮಾಡಿರ್ತಾರೆ. ಒಂದು ಚಿಪ್ಪಿನ ಪೆಡಲ್‌ನಿಂದ ಅದು ಬರಲ್ಲ.

ಬೇಸ್ ನುಡಿಸೋರಿಗೆ ಇನ್ನೊಂದು ತಾಪತ್ರಯ. 5 ಮಿಲಿಸೆಕೆಂಡ್ ತಡವಾದ ಸದ್ದನ್ನ ಅಷ್ಟೇ ಜೋರಾಗಿ ಒರಿಜಿನಲ್ ಜೊತೆ ಬೆರೆಸಿದ್ರೆ 100 ಹರ್ಟ್ಸ್ ಹತ್ರ ಗುಂಡಿ ಬೀಳುತ್ತೆ, ಅಲ್ಲಿನ ಸ್ವರ ಅಳಿಸಿಹೋಗುತ್ತೆ. ಕೆಳಗಿನ ಜಿ ಸ್ವರ ಇರೋದೇ 98ರಲ್ಲಿ. ಡಿಲೇ ಅಲ್ಲಾಡ್ತಾ ಇರೋದ್ರಿಂದ ಗುಂಡಿಯೂ ಓಡಾಡುತ್ತೆ, ಒಂದು ಬೀಟಲ್ಲಿ ಬೇಸ್ ಇದೆ, ಮುಂದಿನದ್ರಲ್ಲಿ ಇಲ್ಲ. ಎಡಗೈ ಬೇಸ್ ಇದ್ರೆ ಅದನ್ನ ಈ ಪೆಡಲ್ ಹತ್ರ ಬಿಡಲೇಬೇಡಿ.

ಅಡಾಪ್ಟರ್ ವಿಷಯ ಮಾತ್ರ ಮರೀಬೇಡಿ, ಇದರಲ್ಲಿ ಸಾಮಾನೇ ಹೋಗುತ್ತೆ. "ಸಿಂತೂ ಪೆಡಲ್ಲೂ ಎರಡೂ ಒಂಬತ್ತು ವೋಲ್ಟೇ, ಇದೊಂದು ಸಾಕು" ಅಂತ ಪಿನ್ ಬದಲಾಯಿಸೋ ಅಡಾಪ್ಟರ್ ಒಂದನ್ನೂ ಜೊತೆಗೆ ದಬ್ಬೋಕೆ ನೋಡಿದ್ರು. ವೋಲ್ಟೇಜ್ ಒಂದೇ ಹೌದು. ಆದ್ರೆ ಮಿನಿಲಾಗ್ ಅಡಾಪ್ಟರಿನ ಪಿನ್ ನಡುವೆ ಪ್ಲಸ್, ಇಂಥ ಪೆಡಲ್‌ಗಳಿಗೆ ನಡುವೆ ಮೈನಸ್. ಪ್ಲಗ್ ಪಕ್ಕದಲ್ಲಿರೋ ಆ ಪುಟ್ಟ ವೃತ್ತದ ಚಿತ್ರ ನೋಡದೆ ಯಾವುದನ್ನೂ ಚುಚ್ಚಬೇಡಿ.

ವಾಪಸ್ ತಗೊಂಡು ಹೋದಾಗ "ಪೆಡಲ್ ಕೆಟ್ಟಿಲ್ವಲ್ಲ ಸಾರ್, ಗಿಟಾರಿಗೆ ಹಾಕಿ ನೋಡಿ" ಅಂದ್ರು. ಹಾಕಿ ತೋರಿಸಿದ್ರು ಕೂಡ. ಬೇಕಾದ್ರೆ ಅರ್ಧ ಬೆಲೆಗೆ ತಗೋತೀವಂತೆ.

ಇಷ್ಟಾದ್ಮೇಲೂ ಬೇಕೇ ಬೇಕು ಅನ್ನೋರು ಭಾರ ಅನ್ನದೆ ನಿಮ್ಮ ಸಿಂತ್ ಅಂಗಡಿಗೇ ಹೊತ್ಕೊಂಡು ಹೋಗಿ. ಫಿಲ್ಟರ್ ಪೂರ್ತಿ ತೆರೆದು, ಎಲ್ಲಾ ವಾಯ್ಸ್ ಒತ್ತಿ, ಸ್ಟೇಜಲ್ಲಿ ಇಡೋವಷ್ಟೇ ವಾಲ್ಯೂಮಲ್ಲಿ ಕೇಳಿ. ಎರಡು ಔಟ್ ಇದ್ರೆ ಎರಡನ್ನೂ ಮಿಕ್ಸರಲ್ಲಿ ನಡುವಿಗೆ ಪ್ಯಾನ್ ಮಾಡಿ ಕೇಳಿ. ಇನ್‌ಪುಟ್ ಲೆವೆಲ್ ಹೊಂದಿಸೋ ಸ್ವಿಚ್ಚೋ ನಾಬೋ ಇದ್ರೆ ಒಳ್ಳೇದು. 1976ರ ಬಾಸ್ ಸಿಇ-1ರಲ್ಲೇ ಅದು ಇತ್ತು, ಪುಟ್ಟ ಪೆಡಲ್ ಮಾಡೋವಾಗ ಕಿತ್ತು ಹಾಕಿದ್ರು. ಇಲ್ಲದಿದ್ರೆ ಲೈನ್ ಸಿಗ್ನಲ್ಲನ್ನ ಗಿಟಾರ್ ಲೆವೆಲ್ಲಿಗೆ ಇಳಿಸೋ ರೀಆಂಪ್ ಬಾಕ್ಸ್ ದುಡ್ಡನ್ನೂ ಪೆಡಲ್ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಸಿಂತ್ ಜೊತೆ ಹೊಂದದಿದ್ರೆ ವಾಪಸ್ ತಗೋತೀವಿ ಅನ್ನೋದನ್ನ ಬಿಲ್ ಮೇಲೇ ಬರೆಸ್ಕೊಳ್ಳಿ. ಬರೆದು ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ.