ಮಂಗಳೂರು–ಮುರ್ಡೇಶ್ವರ 300: ಮಳೆಗಾಲದ ಸೈಕಲ್ ಬ್ರೆವೆಗೆ ದುಡ್ಡು ಕೊಡಬಹುದಾ?

"ದುಡ್ಡು ಕಟ್ಟಿದ್ರೆ ಏನು ಕೊಡ್ತಾರೆ?" ಎಂದು ಹೆಂಡತಿ ಕೇಳಿದಳು. ಒಂದು ಕಾರ್ಡು ಎಂದೆ. ಮತ್ತೆ? ಅದರ ಮೇಲೆ ಸೀಲು. ಮತ್ತೆ? ಮೆಡಲ್ ಇದೆ, ಆದರೆ ಅದಕ್ಕೆ ಬೇರೆ ದುಡ್ಡು. ಅವಳು ಮತ್ತೇನೂ ಕೇಳದೆ ಒಳಗೆ ಹೋದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬ್ರೆವೆ ಅಂದರೆ ಇಷ್ಟು ಹೊತ್ತಿನೊಳಗೆ ಮುಗಿಸಬೇಕು ಅನ್ನುವ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಸೀಲು. 300 ಕಿಲೋಮೀಟರಿಗೆ 20 ಗಂಟೆ. ಊಟ, ಪಂಕ್ಚರ್, ಬಸ್ ಸ್ಟಾಪಿನಲ್ಲಿ ಮಳೆಗೆ ನಿಂತದ್ದು ಎಲ್ಲ ಅದರಲ್ಲೇ ಬಂತು. ದಾರಿಯಲ್ಲಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳುವ ಕಂಟ್ರೋಲ್‌ಗಳಿರುತ್ತವೆ, ಅವು ಮುಚ್ಚುವ ಹೊತ್ತಿನ ಒಳಗೆ ಮುಟ್ಟಬೇಕು. ಹಿಂದೆ ಮನೆಯವರ ಕಾರು ಬರುವಂತಿಲ್ಲ. ನಿಯಮವೆಲ್ಲ ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪರಿಸಿಯನ್‌ನದು. 200, 300, 400, 600 ಒಂದೇ ಸೀಸನ್ನಿನಲ್ಲಿ ಮುಗಿಸಿದರೆ ಸೂಪರ್ ರಾಂಡೊನರ್ ಅನ್ನುತ್ತಾರೆ. ನಮ್ಮ ಗುಂಪಿನ ಹುಡುಗರಿಗೆ 2027ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಮೇಲೆ ಕಣ್ಣು. 1200 ಕಿಲೋಮೀಟರ್, 90 ಗಂಟೆ. ನನಗೆ 49 ವರ್ಷ, ಸುರತ್ಕಲ್‌ನಲ್ಲಿ ಔಷಧಿ ಅಂಗಡಿ ಇದೆ, ಮುರ್ಡೇಶ್ವರ ಸಾಕು.

ಜುಲೈಯ ಶನಿವಾರ ಬೆಳಿಗ್ಗೆ ಆರಕ್ಕೆ ಮಂಗಳೂರಿನಿಂದ ಹೊರಟೆವು. ಸಂಘಟಕರನ್ನು ಮೊದಲು ಹೊಗಳುತ್ತೇನೆ. ಲೈಟ್, ರಿಫ್ಲೆಕ್ಟರ್ ವೆಸ್ಟ್ ಎಲ್ಲ ಮುಟ್ಟಿ ನೋಡಿದರು. ಹಿಂದಿನ ಲೈಟ್ ಉರಿಯದ ಒಬ್ಬರನ್ನು ಬಿಡಲೇ ಇಲ್ಲ. ಅವರು ಎಷ್ಟು ಗೋಗರೆದರೂ ಇಲ್ಲ. ರಾತ್ರಿ ಹತ್ತು ಗಂಟೆಗೆ ಬ್ರಹ್ಮಾವರದ ಹತ್ತಿರ ಟ್ಯಾಂಕರೊಂದು ಮೈಗೆ ತಾಗುವ ಹಾಗೆ ಹೋದಾಗ ಅದು ಎಷ್ಟು ಸರಿ ಅಂತ ಗೊತ್ತಾಯಿತು.

ಮುಲ್ಕಿ ದಾಟುವ ಹೊತ್ತಿಗೆ ಜೋರು ಮಳೆ. ಪಡುಬಿದ್ರಿಯಲ್ಲಿ ಎರಡು ಬನ್ಸ್, ಚಾ. ಕಾಪು ಬರುವಾಗ ರೇನ್ ಜಾಕೆಟ್ ಕಳಚಿ ಬ್ಯಾಗಿಗೆ ತುರುಕಿದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದನ್ನು ಹಾಕಿಕೊಂಡು ತುಳಿದರೆ ಹೊರಗಿನ ನೀರಿಗಿಂತ ಒಳಗಿನ ಬೆವರೇ ಜಾಸ್ತಿ. ಆದರೆ ಬಿಸಾಡಬೇಡಿ, ಸಂಜೆ ಬೇಕಾಗುತ್ತದೆ. ಹೆಲ್ಮೆಟ್ ಮೇಲೆ ಸ್ನಾನದ ಶವರ್ ಕ್ಯಾಪ್ ಹಾಕಿದ್ದೆ. ಹುಡುಗರು ನಕ್ಕರು. ಕುಂದಾಪುರದಲ್ಲಿ ಅವರಲ್ಲೇ ಒಬ್ಬ ಎಲ್ಲಿ ಸಿಗುತ್ತದೆ ಎಂದು ಕೇಳಿದ.

ಮರವಂತೆಯ ಬಗ್ಗೆ ಎಲ್ಲರೂ ಫೋಟೋ ಹಾಕುತ್ತಾರೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಜುಲೈಯಲ್ಲಿ ಸೈಕಲ್ ಮೇಲೆ ಅದು ಬೇರೆಯದೇ ಜಾಗ. ಹೋಗುವಾಗ ನಾವು ಎಡಕ್ಕೆ, ಕಡಲಿನ ಬದಿಗೆ. ಗಾಳಿ ಎಡದಿಂದಲೇ ಬಂದು ನಮ್ಮನ್ನು ಬಲಕ್ಕೆ, ಲಾರಿಗಳ ಕಡೆಗೆ ತಳ್ಳುತ್ತದೆ. ಹಿಡಿದುಕೊಂಡಿದ್ದೇವೆ ಅನ್ನುವಷ್ಟರಲ್ಲಿ ಒಂದು ಲಾರಿ ಪಕ್ಕಕ್ಕೆ ಬಂದು ಗಾಳಿಯನ್ನು ಒಂದು ಕ್ಷಣ ಕದಡಿ ಬಿಡುತ್ತದೆ. ಆಗ ಹ್ಯಾಂಡಲ್ ತಾನಾಗಿ ತಿರುಗುತ್ತದೆ. ಬಾಯಿಗೆ ಬಂದ ನೀರು ಉಪ್ಪುಪ್ಪು. ಆದರೂ ಹೋಗುವಾಗ ಗಾಳಿ ಸ್ವಲ್ಪ ಬೆನ್ನಿಗೂ ಇತ್ತು. ಅದರ ಬೆಲೆ ಗೊತ್ತಾದದ್ದು ವಾಪಸ್ ಬರುವಾಗ.

ಬೈಂದೂರು ಕಳೆದು ಒತ್ತಿನೆಣೆಯ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಕರಕರ ಎಂದಿತು. ನನ್ನದು ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್. ರಸ್ತೆಯ ನೀರಿನ ಜೊತೆ ಮರಳು ಬಂದು ಅರೆಯುತ್ತದೆ, ಹೊಸ ಬ್ರೇಕ್ ಶೂ ಒಂದೇ ದಿನಕ್ಕೆ ಅರ್ಧ. ಡಿಸ್ಕ್ ಬ್ರೇಕ್ ಇದ್ದವರು ಅಷ್ಟು ಹೆದರಲಿಲ್ಲ.

ಮಧ್ಯಾಹ್ನ ಎರಡೂಮುಕ್ಕಾಲಿಗೆ ಮುರ್ಡೇಶ್ವರ. ಮಳೆಯಲ್ಲಿ ಇಪ್ಪತ್ತು ಅಂತಸ್ತಿನ ಗೋಪುರವೇ ಕಾಣುತ್ತಿರಲಿಲ್ಲ, ಕಂಟ್ರೋಲಿನವರು ಎಲ್ಲಿ ಕಾಣಬೇಕು? ಹೇಳಿದ್ದ ಜಾಗದಲ್ಲಿ ಯಾರೂ ಇಲ್ಲ. ಹತ್ತು ನಿಮಿಷ ಫೋನ್ ಮಾಡಿದ ಮೇಲೆ ಉತ್ತರ ಬಂತು: ಸೀಲಿನ ಬದಲು ಯಾವುದಾದರೂ ಅಂಗಡಿಯಿಂದ ಟೈಮ್ ಇರುವ ಬಿಲ್ ತಗೊಳ್ಳಿ. ಚಾದಂಗಡಿಯವನು ಬಿಲ್ ಅಂದರೆ ನಕ್ಕ. ಕೊನೆಗೆ ಎಟಿಎಂಗೆ ಹೋದೆ. ಮೊದಲ ಮೆಷಿನ್‌ನಲ್ಲಿ ಪೇಪರ್ ಇಲ್ಲ. ಎರಡನೆಯದರಲ್ಲಿ ನೂರು ರೂಪಾಯಿ ತೆಗೆಯಲು ಬೆರಳು ಸುಕ್ಕಾಗಿ ಬಹಳ ಹೊತ್ತು ಗುಂಡಿ ಒತ್ತಲೇ ಆಗಲಿಲ್ಲ. ಚೀಟಿ ಕೈಗೆ ಬರುವಷ್ಟರಲ್ಲಿ 35 ನಿಮಿಷ ಹೋಯಿತು. ನಾಲ್ಕಕ್ಕೆ ಮುಚ್ಚುವ ಕಂಟ್ರೋಲ್. ಹಿಂದೆ ಇದ್ದವರ ಗತಿ? ಈ ರೈಡಿಗೆ ನಾನು ಒಂದು ಸ್ಟಾರ್ ಕಡಿಮೆ ಕೊಡುವುದು ಇದಕ್ಕೇ. ಊಟ ಕೊಡಬೇಡಿ, ನೀರು ಕೊಡಬೇಡಿ, ಅದು ಒಪ್ಪಂದದಲ್ಲೇ ಇಲ್ಲ. ಸೀಲು ಇದೆಯಲ್ಲ!

ವಾಪಸ್ ಬರುವಾಗ ಗಾಳಿ ಎದುರಿಗೆ. ಬೈಂದೂರಿನಿಂದ ಮರವಂತೆವರೆಗೆ ಸ್ಪೀಡ್ 11, 12. ಸಪಾಟು ರಸ್ತೆಯಲ್ಲಿ ಘಾಟಿ ಹತ್ತಿದ ಹಾಗೆ ಸಣ್ಣ ಗೇರ್. ಈ ಸಲ ನಾವು ಹೊಳೆಯ ಬದಿಗೆ, ಗಾಳಿ ನಮ್ಮನ್ನು ರಸ್ತೆಯಿಂದ ಆಚೆಗೆ ದೂಡುತ್ತಿತ್ತು. ಬಿಳಿ ಗೆರೆಯ ಮೇಲೆ ಹೋದರೆ ಬಣ್ಣ ಜಾರುತ್ತದೆ, ಅದರ ಆಚೆ ನೀರು, ನೀರಿನ ಅಡಿಯಲ್ಲಿ ಏನಿದೆ ಎಂದು ಕಾಣುವುದಿಲ್ಲ. ಸಂಜೆ ಆರೂವರೆಗೆ ಅಲ್ಲೇ ಹಿಂದಿನ ಚಕ್ರ ಪಂಕ್ಚರ್. ಒದ್ದೆ ಟಯರಿಗೆ ಗಾಜು ಬೇಗ ಚುಚ್ಚುತ್ತದೆ, ಒದ್ದೆ ಟ್ಯೂಬಿಗೆ ಪ್ಯಾಚ್ ಅಂಟುವುದಿಲ್ಲ. ಎರಡು ಹೊಸ ಟ್ಯೂಬ್ ತನ್ನಿ. ನಾನು ಕೂತು ಬದಲಿಸುವಾಗ ಚಳಿ ಹಿಡಿದು ಹಲ್ಲು ಕಟಕಟ. ಜಾಕೆಟ್ ಹೊರಗೆ ಬಂದದ್ದು ಆಗ. ಒಬ್ಬ ಅಜ್ಜಿ ಕೊಡೆ ಹಿಡಿದು ಬಂದು ನಿಂತಳು. "ಎಂತಕ್ ಮಾರಾಯ್ರೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಟಯರ್ ಕೂರುವ ತನಕ ಕೊಡೆ ಹಿಡಿದೇ ಇದ್ದಳು.

ಕುಂದಾಪುರದಲ್ಲಿ ಮೀನಿನ ಊಟ ಕೇಳಿದೆ. ಜುಲೈ ಕೊನೆಯವರೆಗೂ ಯಾಂತ್ರಿಕ ಬೋಟುಗಳಿಗೆ ರಜೆ, ನೆನಪೇ ಇರಲಿಲ್ಲ. ಗಂಜಿ, ಉಪ್ಪಿನಕಾಯಿ ಸಿಕ್ಕಿತು. ಅದೇ ಒಳ್ಳೆಯದಾಯಿತು, ಉಪ್ಪು ಹೊಟ್ಟೆಗೆ ಹೋದ ಮೇಲೆ ಕಾಲಿನ ಸೆಳೆತ ನಿಂತಿತು. ಕೂರುವ ಜಾಗದ ಉರಿಗೆ ಕ್ರೀಮ್ ಮಾರುವವನು ನಾನೇ, ಆದರೆ ನಿಜ ಹೇಳುತ್ತೇನೆ, ಕೊಬ್ಬರಿ ಎಣ್ಣೆ ಸಾಕು.

ರಾತ್ರಿ 1:12ಕ್ಕೆ ಮುಗಿಸಿದೆ, 48 ನಿಮಿಷ ಉಳಿದಿತ್ತು. ಎರಡು ಪ್ಲಾಸ್ಟಿಕ್ ಚೀಲದೊಳಗಿದ್ದ ಕಾರ್ಡೂ ಒದ್ದೆ. ಕೊನೆಯ ಸೀಲಿನ ಶಾಯಿ ಹರಡಿ ಅಕ್ಷರ ಕಾಣಲಿಲ್ಲ. ಅಲ್ಲಿ ಕೂತಿದ್ದ ಹುಡುಗಿ ಇಡೀ ರಾತ್ರಿ ಎದ್ದಿದ್ದಳಂತೆ. ಮೊದಲು ಬಿಸಿ ಚಾ ಕೊಟ್ಟಳು, ಆಮೇಲೆ ಎಟಿಎಂ ಚೀಟಿಯನ್ನು ಫ್ಯಾನಿನ ಕೆಳಗೆ ಇಟ್ಟು, ಹಾರದಂತೆ ಅದರ ಮೇಲೆ ಸೀಲಿನ ಡಬ್ಬಿ ಇಟ್ಟಳು.